ಗೊಗೋಲ್‌ನ ‘ಓವರ್‌ಕೋಟ್’: ಕಥೆ ಹೇಳ್ತಿರೋನಿಗೆ ಅಕಾಕಿ ಮೇಲೆ ನಿಜವಾಗ್ಲೂ ಕರುಣೆ ಇದ್ಯಾ?

ರಾತ್ರಿಓದು:

ನಿನ್ನೆ ರಾತ್ರಿ ರಷ್ಯನ್ ಲೇಖಕ ಗೊಗೋಲ್‌ನ ‘ಓವರ್‌ಕೋಟ್’ ಮತ್ತೆ ಓದ್ದೆ, ನಾಲ್ಕನೇ ಸಲಾನೋ ಐದನೇ ಸಲಾನೋ. ಕಾಲೇಜಲ್ಲಿದ್ದಾಗ ಓದಿ ಕಣ್ಣಲ್ಲಿ ನೀರು ಹಾಕ್ಕೊಂಡಿದ್ದೆ. ಅಕಾಕಿ ಅನ್ನೋ ಬಡ ಗುಮಾಸ್ತ, ಪೀಟರ್ಸ್‌ಬರ್ಗ್ ಚಳಿ, ಹೊಟ್ಟೆ ಬಟ್ಟೆ ಕಟ್ಟಿ ಹೊಲಿಸ್ಕೊಂಡ ಕೋಟು ಹಾಕ್ಕೊಂಡ ದಿನವೇ ಕಳವು, ಆಮೇಲೆ ಸಾವು, ಇಷ್ಟೇ ತಲೇಲಿ ಉಳ್ಕೊಂಡಿದ್ದು. ಈ ಸಲ ಬೇರೆ ಏನೋ ಕಾಡ್ತಿದೆ, ಬೆಳಗ್ಗೆಯಿಂದ ಅದೇ ಯೋಚ್ನೆ, ಉದ್ದ ಆಗತ್ತೆ, ಬೈಬೇಡಿ.

ವಿಷ್ಯ ಏನಂದ್ರೆ ನಾನು ಮುಕ್ಕಾಲು ಕಥೆ ನಗ್ತಾ ಓದ್ದೆ. ಹೆಸ್ರಿಡೋ ಸೀನಲ್ಲಿ ನಕ್ಕೆ, ಮೊಕ್ಕಿ, ಸೊಸ್ಸಿ, ಖೊಜ್ದಜಾತ್ ಅಂತ ಒಂದಕ್ಕಿಂತ ಒಂದು ವಿಚಿತ್ರ ಹೆಸ್ರು ಬರ್ತಾ ಹೋಗತ್ತೆ, ತಾಯಿ ಸಾಕಾಗಿ ಅವ್ರಪ್ಪನ ಹೆಸ್ರೇ ಇರ್ಲಿ ಅಂತಾಳೆ, ಹಾಗಾಗಿ ಅಕಾಕಿ ಮಗ ಅಕಾಕಿ. ಮಗು ಅತ್ತು ಮುಖ ಸಿಂಡರಿಸ್ಕೊಳ್ತಂತೆ, ಮುಂದೆ ಟಿಟ್ಯುಲರ್ ಕೌನ್ಸಿಲರ್ ಅನ್ನೋ ಸಣ್ಣ ಸರ್ಕಾರಿ ದರ್ಜೆಯವ್ನು ಆಗ್ತೀನಿ ಅಂತ ಅವಾಗ್ಲೇ ಗೊತ್ತಾದಂಗೆ. ಕಿಟಕಿಯಿಂದ ಯಾರೋ ಕಸ ಎಸೆಯೋ ಹೊತ್ತಿಗೆ ಸರಿಯಾಗಿ ಇವ್ನು ಕೆಳಗೆ ಹೋಗ್ತಿರ್ತಾನೆ, ಟೋಪಿ ಮೇಲೆ ಕಲ್ಲಂಗಡಿ ಸಿಪ್ಪೆ. ಅದಕ್ಕೂ ನಕ್ಕೆ. ಆಮೇಲೆ ಅನ್ನಿಸ್ತು, ಆಫೀಸಲ್ಲಿ ಅವ್ನ ತಲೆ ಮೇಲೆ ಕಾಗದದ ಚೂರು ಉದುರಿಸಿ ‘ಹಿಮ ಬೀಳ್ತಿದೆ’ ಅಂತ ನಗ್ತಾರಲ್ಲ ಆ ಗುಮಾಸ್ತರು, ನಾನು ಅವ್ರ ಜೊತೇಲೇ ಕೂತಿದೀನಿ. ನನ್ನನ್ನ ಅಲ್ಲಿ ಕೂರ್ಸಿದ್ದು ಯಾರು? ಕಥೆ ಹೇಳ್ತಿರೋನು.

ಈ ನಿರೂಪಕ ಇದಾನಲ್ಲ, ಇವ್ನ ಒಂದು ಚಾಳಿ ಗಮನಿಸಿ. ಅಕಾಕಿ ಪಾರ್ಟಿಗೆ ಹೋಗ್ತಾ ಒಂದು ಅಂಗಡಿ ಕಿಟಕಿ ಮುಂದೆ ನಿಲ್ತಾನೆ, ಅಲ್ಲಿ ಒಬ್ಳು ಚೆಂದದ ಹೆಂಗ್ಸು ಶೂ ಬಿಚ್ಚುತ್ತಿರೋ ಚಿತ್ರ. ಇವ್ನು ತಲೆ ಆಡಿಸಿ ನಗ್ತಾನೆ. ಯಾಕೆ ನಕ್ಕ? ನಿರೂಪಕ ಅದು ಇರ್ಬಹುದು, ಇದು ಇರ್ಬಹುದು ಅಂತ ಎರಡು ಊಹೆ ಹೇಳಿ, ಮನುಷ್ಯನ ಮನಸ್ಸೊಳಗೆ ನುಗ್ಗಿ ಎಲ್ಲಾ ತಿಳ್ಕೊಳಕ್ಕಾಗತ್ತಾ ಅಂತ ಕೈ ಚೆಲ್ತಾನೆ. ಇದೇ ಮನುಷ್ಯ ಹತ್ತು ಪುಟದ ಹಿಂದೆ ಅಕಾಕಿಗೆ ಯಾವ್ಯಾವ ಅಕ್ಷರ ಇಷ್ಟ, ಆ ಅಕ್ಷರ ಬಂದಾಗ ಹೇಗೆ ಒಳಗೊಳಗೇ ಖುಷಿ ಪಡ್ತಾನೆ ಅಂತೆಲ್ಲಾ ಹೇಳಿದ್ದ! ಸಾಯೋವಾಗ್ಲೂ ಅಷ್ಟೇ. ಡಾಕ್ಟ್ರು ರೋಗಿ ಮುಂದೇನೇ ಮನೆ ಓನರಮ್ಮಂಗೆ ಪೈನ್ ಮರದ ಪೆಟ್ಟಿಗೆ ಹೇಳ್ಬಿಡಿ, ಓಕ್ ಇವ್ನಿಗೆ ದುಬಾರಿ ಆಗತ್ತೆ ಅಂತಾನೆ. ಅಕಾಕಿ ಅದನ್ನ ಕೇಳಿಸ್ಕೊಂಡ್ನಾ, ತನ್ನ ಬಾಳಿನ ಬಗ್ಗೆ ಸಂಕಟ ಆಯ್ತಾ? ಗೊತ್ತಿಲ್ಲ, ಜ್ವರದಲ್ಲಿ ಬಡಬಡಿಸ್ತಿದ್ದ ಅಂತಾನೆ. ಮರುಕ್ಷಣವೇ ಆ ಬಡಬಡಿಕೆಯೊಳಗೆ ಏನೇನು ಕಾಣ್ತು ಅಂತ ಸಾಲಾಗಿ ಹೇಳ್ತಾನೆ!

ಅಂದ್ರೆ ತಮಾಷೆ ಇರೋ ಕಡೆ ಒಳಗೆ ಹೋಗ್ತಾನೆ, ಮನುಷ್ಯ ಸಿಗ್ತಾನೆ ಅನ್ನೋ ಕಡೆ ಬಾಗ್ಲು ಹಾಕ್ಕೋತಾನೆ. ನನ್ನ ವಾದ ಇಷ್ಟು, ಅಕಾಕಿ ದುರಂತ ಇರೋದು ಕೋಟು ಕಳ್ಕೊಂಡಿದ್ರಲ್ಲಿ ಅಲ್ಲ, ಅವ್ನ ಕಥೆ ಹೇಳಕ್ಕೆ ಸಿಕ್ಕಿದ್ದು ಇಂಥವ್ನು ಅನ್ನೋದ್ರಲ್ಲಿ. ಒಪ್ತೀರಾ?

ಮಸಿಕುಡಿಕೆ:

ಒಳ್ಳೇ ಥ್ರೆಡ್. ಬಾಗಿಲಿನ ವಿಷ್ಯ ನಾನು ಗಮನಿಸಿರ್ಲಿಲ್ಲ, ಅಂಗಡಿ ಕಿಟಕಿ ಗೊತ್ತಿತ್ತು, ಡಾಕ್ಟರ್ ಸೀನ್ ಜೊತೆ ಜೋಡಿಸಿ ನೋಡಿರ್ಲಿಲ್ಲ.

ಈ ಜಗಳ ಹಳೇದು. ಕಥೆ ಅಚ್ಚಾಗಿದ್ದು 1842ರಲ್ಲಿ, ಬಹಳ ವರ್ಷ ಇದನ್ನ ಬಡವರ ಪರ ಕರುಣೆಯ ಕಥೆ ಅಂತಲೇ ಓದಿದ್ರು. 1919ರಲ್ಲಿ ಐಖೆನ್‌ಬಾಮ್ ಅನ್ನೋ ವಿಮರ್ಶಕ ಈ ಕಥೆ ‘ಹೇಗೆ ಮಾಡಲ್ಪಟ್ಟಿದೆ’ ಅಂತ ಒಂದು ಲೇಖನ ಬರೆದು ಅದನ್ನೆಲ್ಲ ತಲೆಕೆಳಗು ಮಾಡಿದ. ಅವನ ಪ್ರಕಾರ ಇಲ್ಲಿ ಮುಖ್ಯ ಘಟನೆ ಅಲ್ಲ, ದನಿ. ರಷ್ಯನ್ನಲ್ಲಿ ಇದಕ್ಕೆ ಸ್ಕಾಜ್ ಅಂತಾರೆ, ಬರೆದ ಹಾಗಲ್ಲ, ಎದುರಿಗೆ ಕೂತು ಬಾಯಲ್ಲಿ ಹೇಳಿದ ಹಾಗಿರೋ ನಿರೂಪಣೆ. ನಮಗೆ ಹರಿಕಥೆ ದಾಸರ ಪರಿಚಯ ಇದ್ರೆ ಇದು ತಕ್ಷಣ ಗೊತ್ತಾಗುತ್ತೆ, ಸೀತೆ ಅಳ್ತಾ ಇರ್ತಾಳೆ, ದಾಸರು ಮಧ್ಯದಲ್ಲಿ ಚಿಟಿಕೆ ನಿಲ್ಲಿಸಿ ಹಿಂದಿನ ಸಾಲಲ್ಲಿ ತೂಕಡಿಸ್ತಿರೋರಿಗೆ ಒಂದು ಮಾತು ಬಿಟ್ಟು, ಸಭೆ ನಗಿಸಿ, ಮತ್ತೆ ಸೀತೆ ಹತ್ರ ಹೋಗ್ತಾರೆ. ಈ ಕಥೆ ಶುರುವಾಗೋದೇ ಹಾಗೆ. ‘ಒಂದು ಇಲಾಖೆಯಲ್ಲಿ...’ ಅಂತ ಹೊರಟು, ಬೇಡ, ಹೆಸರು ಹೇಳದಿರೋದೇ ವಾಸಿ, ಈಗಿನ ಕಾಲದಲ್ಲಿ ಒಬ್ಬೊಬ್ಬನೂ ತನಗಾದ ಅವಮಾನ ಇಡೀ ಸಮಾಜಕ್ಕೆ ಆಯ್ತು ಅಂತಾನೆ ಅಂತ ಒಂದು ಸುತ್ತು ಹೊಡೆದು ಬರ್ತಾನೆ.

ಆ ದನಿಗೆ ಎದುರಾಗಿ ಅಕಾಕಿ ಮಾತು ಇಟ್ಟು ನೋಡಿ. ಅವನ ಮಾತಲ್ಲಿ ನಾಮಪದವೇ ಕಮ್ಮಿ, ‘ಅದು... ಅಂದ್ರೆ... ಇದು ನಿಜವಾಗ್ಲೂ ಪೂರ್ತಿ ಒಂಥರಾ...’ ಅಂತ ಶುರು ಮಾಡಿ, ಎಲ್ಲ ಹೇಳಿ ಆಯ್ತು ಅಂದ್ಕೊಂಡು ಸುಮ್ಮನಾಗಿಬಿಡ್ತಾನೆ. ಮಾತಿನ ಮಲ್ಲನ ಕೈಯಲ್ಲಿ ಮಾತೇ ಬಾರದವನ ಬದುಕು. ಸಂಜೆ ಪೀಟರ್ಸ್‌ಬರ್ಗ್ ವರ್ಣಿಸೋ ಒಂದು ವಾಕ್ಯ ಇದೆ, ಆಕಾಶ ಕಪ್ಪಾಗೋ ಹೊತ್ತಿಗೆ ಕೂಡ, ಗುಮಾಸ್ತರೆಲ್ಲ ಊಟ ಮಾಡಿ ಸುಧಾರಿಸ್ಕೊಂಡ ಮೇಲೆ ಕೂಡ, ಒಬ್ಬ ನಾಟಕಕ್ಕೆ ಇನ್ನೊಬ್ಬ ಇಸ್ಪೀಟಿಗೆ ಹೋಗೋ ಹೊತ್ತಿಗೆ ಕೂಡ ಅಂತ ಉಸಿರು ಕಟ್ಟೋ ಹಾಗೆ ಬೆಳೀತಾ ಹೋಗುತ್ತೆ, ಏನೋ ದೊಡ್ಡದು ಬರುತ್ತೆ ಅಂತ ಕಾಯ್ತೀವಿ, ಕೊನೆಗೆ ಬರೋದು: ಅಕಾಕಿ ಯಾವ ಮನರಂಜನೆಗೂ ಹೋಗ್ತಿರ್ಲಿಲ್ಲ. ಅಷ್ಟೇ! ಇಡೀ ನಗರವನ್ನ ಎತ್ತಿ ತಂದು ಅವನ ಪುಟ್ಟ ಖಾಲಿತನದ ಮುಂದೆ ಇಡೋದು. ಇದು ಕರುಣೆ ಇಲ್ಲದವನಿಗೆ ಹೊಳೆಯೋ ವಾಕ್ಯ ಅಂತ ನನಗನ್ನಿಸಲ್ಲ. ಹಾಗಾಗಿ ನಿಮ್ಮ ವಾದಕ್ಕೆ ಅರ್ಧ ಒಪ್ಪಿಗೆ.

ಸುಮ್ನೆಬಂದೆ:

ಗುರು ಇಷ್ಟೊಂದು ತಲೆ ಕೆಡಿಸ್ಕೊಬೇಕಾ?? ಕಥೇಲೇ ಕ್ಲಿಯರ್ ಆಗಿದೆ, ‘ನನ್ನ ಬಿಟ್ಬಿಡಿ, ಯಾಕೆ ನೋಯಿಸ್ತೀರಾ’ ಅಂತ ಅಕಾಕಿ ಅಂದಾಗ ಹೊಸದಾಗಿ ಸೇರಿದ ಹುಡುಗ ಬೆಚ್ಚಿಬೀಳ್ತಾನೆ, ಆ ಮಾತೊಳಗೆ ‘ನಾನು ನಿನ್ನ ತಮ್ಮ ಕಣೋ’ ಅನ್ನೋ ಮಾತು ಅವ್ನಿಗೆ ಕೇಳ್ಸತ್ತೆ, ಆಮೇಲೆ ಎಷ್ಟೋ ವರ್ಷ ಖುಷಿಯಾಗಿರೋವಾಗ್ಲೂ ನೆನಪಾಗಿ ಮುಖ ಮುಚ್ಕೋತಾನೆ. ಕರುಣೆ ಇಲ್ದೆ ಇದನ್ನ ಹೆಂಗೆ ಬರೀತಾರೆ. ನಾನಂತೂ ಆ ಪ್ಯಾರಾಗೇ ಫ್ಲಾಟ್.

ರಾತ್ರಿಓದು:

@ಸುಮ್ನೆಬಂದೆ ಆ ಪ್ಯಾರಾ ನಂಗೂ ಇಷ್ಟ. ಆದ್ರೆ ಒಂದು ಪ್ರಶ್ನೆ, ಆ ಹುಡ್ಗ ಆಮೇಲೆ ಎಲ್ಲಿ ಹೋದ?

ಕೋಟು ಕಳುವಾದ ಮೇಲೆ ಆಫೀಸಲ್ಲಿ ಚಂದಾ ಎತ್ತೋ ಯೋಚ್ನೆ ಬರತ್ತೆ ಅಲ್ವಾ, ಕೈಗೆ ಸೇರಿದ್ದು ತೀರಾ ಪುಡಿಗಾಸು, ಯಾಕಂದ್ರೆ ಅಷ್ಟೊತ್ತಿಗೆ ಡೈರೆಕ್ಟರ್ ಚಿತ್ರ ಬರ್ಸಕ್ಕೂ, ಮೇಲಿನವ್ರು ಹೇಳಿದ ಯಾವ್ದೋ ಪುಸ್ತಕಕ್ಕೂ ಎಲ್ರೂ ದುಡ್ಡು ಕೊಟ್ಟಾಗಿತ್ತು. ಅಲ್ಲಿ ಆ ಹುಡ್ಗ ಇದ್ನಾ? ಶವದ ಹಿಂದೆ ಹೋದ್ನಾ? ಅಕಾಕಿ ಸತ್ತಿದ್ದು ಆಫೀಸಿಗೆ ಗೊತ್ತಾಗೋದೇ ಹೂತ ನಾಲ್ಕನೇ ದಿನ, ಮಾರನೇ ದಿನ ಅವ್ನ ಜಾಗದಲ್ಲಿ ಇನ್ನೊಬ್ಬ, ಅವ್ನಿಗಿಂತ ಉದ್ದ, ಅಕ್ಷರ ಸ್ವಲ್ಪ ಓರೆ. ಒಂದು ಪ್ಯಾರಾ ಅತ್ತು ಮುಗಿಸಿ ಆ ಹುಡ್ಗ ಕಥೆಯಿಂದ ರಜಾ ಹಾಕ್ಬಿಟ್ಟ. ನಾನು ಕಾಲೇಜಲ್ಲಿ ಮಾಡಿದ್ದೂ ಅದೇ ಅಲ್ವಾ, ಅತ್ತೆ, ಪುಸ್ತಕ ಮುಚ್ದೆ, ಊಟಕ್ಕೆ ಹೋದೆ.

ಅರ್ಧಓದುಗ:

ಚಂದಾ ವಿಷ್ಯ ಬಂತಲ್ಲ, ಇದಕ್ಕೆ ಸೇರಿದ್ದು ಒಂದು ಹೇಳ್ತೀನಿ. ಗೊಗೋಲ್‌ಗೆ ಈ ಕಥೆ ಎಲ್ಲಿಂದ ಹೊಳೀತು ಅಂತ ಅವ್ನ ಗೆಳೆಯ ಅನ್ನೆಂಕೊವ್ ನೆನಪುಗಳಲ್ಲಿ ಬರೆದಿದಾನೆ. ಒಂದ್ಸಲ ಯಾರೋ ಆಫೀಸ್ ಜೋಕ್ ಹೇಳ್ತಾರೆ, ಒಬ್ಬ ಬಡ ಗುಮಾಸ್ತಂಗೆ ಹಕ್ಕಿ ಬೇಟೆ ಹುಚ್ಚು, ಹೊಟ್ಟೆ ಕಟ್ಟಿ ದುಡ್ಡು ಕೂಡಿಸಿ ಒಳ್ಳೇ ಬಂದೂಕು ತಗೋತಾನೆ, ಮೊದಲ್ನೇ ದಿನವೇ ದೋಣೀಲಿ ಫಿನ್ಲೆಂಡ್ ಕೊಲ್ಲಿಗೆ ಹೋಗ್ತಾನೆ, ಜೊಂಡಿಗೆ ಸಿಕ್ಕಿ ಬಂದೂಕು ನೀರಿಗೆ ಬೀಳತ್ತೆ. ಜ್ವರ ಬಂದು ಮಲಗ್ತಾನೆ. ಜೊತೆ ಗುಮಾಸ್ತರೆಲ್ಲ ಸೇರಿ ಚಂದಾ ಎತ್ತಿ ಇನ್ನೊಂದು ಬಂದೂಕು ಕೊಡಿಸ್ತಾರೆ, ಬದುಕ್ಕೋತಾನೆ. ಎಲ್ರೂ ನಕ್ಕರಂತೆ, ಗೊಗೋಲ್ ಒಬ್ಬ ನಗದೆ ತಲೆ ತಗ್ಗಿಸಿ ಕೂತಿದ್ನಂತೆ.

ಈಗ ಬದಲಾವಣೆ ನೋಡಿ. ಬಂದೂಕು ಶೋಕಿ, ಕೋಟು ಚಳಿಗೆ ಬೇಕೇ ಬೇಕು. ಬಂದೂಕು ತಾನಾಗೇ ಬಿತ್ತು, ಕೋಟನ್ನ ಮನುಷ್ಯರು ಕಿತ್ಕೊಂಡ್ರು. ಅಲ್ಲಿ ಚಂದಾ ಕೂಡ್ತು, ಇಲ್ಲಿ ಕೂಡ್ಲಿಲ್ಲ. ಮೂರು ತಿರುಪು ತಿರುಗಿಸಿದ, ಜೋಕು ಹೋಗಿ ಇದಾಯ್ತು. ಆದ್ರೆ ಜೋಕಿನ ದನಿ ಮಾತ್ರ ಹಂಗೇ ಇಟ್ಕೊಂಡ, ಅದಕ್ಕೇ ನಗು ಬರೋದು.

ರಿಟೈರ್ಡ್‌ಗುಮಾಸ್ತ:

ನಮಸ್ಕಾರ್ರಿ ಎಲ್ಲಾರ್ಗೂ. ನಾ ಮೂವತ್ತು ವರ್ಷ ಗುಮಾಸ್ತಕಿ ಮಾಡಿ ರಿಟೈರ್ ಆದಾವ, ಅದಕ್ಕ ಈ ಕಥಿ ಮ್ಯಾಲೆ ಮಾತಾಡೋ ಹಕ್ಕು ನಿಮ್ಮೆಲ್ಲಾರಕಿಂತ ನನಗ ಒಂಚೂರು ಜಾಸ್ತಿ ಐತಿ ಅನ್ಕೋತೇನಿ :)

ನೀವೆಲ್ಲಾ ಅಕಾಕಿನ್ನ ಮೊದಲಿಂದ್ಲೂ ಪಾಪದವ ಅಂತ ನೋಡಾಕತ್ತೀರಿ. ನಾ ಹಂಗ ಓದೂದಿಲ್ರಿ. ವರ್ಷಕ್ಕ 400 ರೂಬಲ್ ಪಗಾರದಾಗ ಆ ಮನಷ್ಯಾ ಸುಖದಿಂದ ಇದ್ದ. ನಕಲು ಬರಿಯೂದಂದ್ರ ಅವಂಗ ನೌಕರಿ ಅಲ್ಲ, ಪ್ರೀತಿ. ಮನಿಗೆ ಹೋಗಿ ಉಂಡು, ಮತ್ತ ಮಸಿಕುಡಿಕಿ ತಗದು ತನ್ನ ಖುಷಿಗೇ ನಕಲು ಮಾಡ್ಕೋತಾನ, ನಾಳೆ ದೇವ್ರು ಏನು ಬರಿಯಾಕ ಕೊಡ್ತಾನೋ ಅಂತ ನಕ್ಕೋತ ಮಲಗ್ತಾನ. ಇದನ್ನ ಓದಿ ನಗೋರು ಕೈಬರಹದ ರಜಿಸ್ಟರ್ ಬರದೋರಲ್ಲ. ವರ್ಷದ ಕಡೀಗೆ ಒಂದೂ ಚಿತ್ತು ಇಲ್ದ ಲೆಡ್ಜರ್ ಮುಚ್ಚುವಾಗ ಎದಿಯಾಗ ಏನಾಗತೈತಿ ಅಂತ ನನಗ ಗೊತ್ತೈತಿ, ನನ್ನ ಹೆಂಡ್ತಿಗೂ ಅದನ್ನ ತಿಳಿಸಿ ಹೇಳಾಕ ಆಗಿಲ್ಲ.

ಒಬ್ಬ ಡೈರೆಕ್ಟರ್ ಇವಂಗ ಒಳ್ಳೇದು ಮಾಡೋಣು ಅಂತ ಬ್ಯಾರೆ ಕೆಲಸ ಕೊಡ್ತಾನ ನೋಡ್ರಿ. ಭಾಳ ಏನಿಲ್ಲ, ತಲೆಬರಹ ಬದಲಿ ಮಾಡೂದು, ಅಲ್ಲಲ್ಲಿ ‘ನಾನು ಮಾಡಿದೆ’ ಅನ್ನೂದನ್ನ ‘ಅವನು ಮಾಡಿದ’ ಅಂತ ತಿದ್ದೂದು. ಅಕಾಕಿ ಬೆವತು ಹೋಗ್ತಾನ, ಇಲ್ರಿ, ನಕಲು ಮಾಡೂದ ಏನರ ಕೊಡ್ರಿ ಅಂತಾನ. ಎಲ್ಲಾರೂ ಇದನ್ನ ದಡ್ಡತನ ಅಂತಾರ. ನಾ ಹೇಳ್ತೇನಿ, ಇಡೀ ಕಥಿಯೊಳಗ ‘ನಾನು’ ಅಂತ ಅವ ಬಾಯಿ ತಗದದ್ದ ಎಷ್ಟು ಸಲ? ‘ಯಾಕ ನನ್ನ ನೋಯಿಸ್ತೀರಿ’ ಅಂದದ್ದು ದೊಡ್ಡದು. ಅಂಥಾವಂಗ ‘ನಾನು’ ಅಳಿಸಿ ‘ಅವನು’ ಮಾಡು ಅಂದ್ರ ಬೆವರು ಬರ್ಲಾರದ ಇರತೈತೇನ್ರಿ. ಅವನ ಬಾಳೇವನ್ನ ‘ಅವನು’ ಮಾಡಿ ಬರದು ಮುಗಿಸಿದವ ನಿಮ್ಮ ನಿರೂಪಕ.

ಮತ್ತ ಇನ್ನೊಂದು. ಈ ಕಥಿ ಓದಿ ಸಿಟ್ಟಿಗೆದ್ದ ಗುಮಾಸ್ತ ನಾ ಒಬ್ಬನ ಅಲ್ಲ. 1846ರಾಗ ದೊಸ್ತೊಯೆವ್‌ಸ್ಕಿ ಬರದ ಮೊದಲ್ನೇ ಕಾದಂಬರಿ ‘ಬಡಜನರು’, ಅದರಾಗಿನ ಮಕಾರ್ ದೆವುಶ್ಕಿನ್ ಅಂಬಾವನೂ ಇಂಥಾದ್ದ ನಕಲು ಗುಮಾಸ್ತ. ಯಾರೋ ಅವಂಗ ‘ಓವರ್‌ಕೋಟ್’ ಓದಾಕ ಕೊಡ್ತಾರ. ಓದಿ ಅವ ಉರದು ಬೀಳ್ತಾನ, ನಮ್ಮಂಥಾವ್ರು ಮೂಲ್ಯಾಗ ಮುಖ ಮುಚ್ಕೊಂಡು ಬದುಕಿದ್ರೂ ಬಿಡೂದಿಲ್ಲ, ಮನಿಯೊಳಗ ಇಣುಕಿ ನೋಡಿ ಅಚ್ಚು ಹಾಕಿಸಿ ನಗ್ತಾರ ಅಂತ. ಕೋಟು ಸಿಕ್ಕು, ಹುಡುಕಿಸಿ ಕೊಡ್ರಿ ಅಂತ ಬಂದ ಅಕಾಕಿನ್ನ ಗದರಿಸಿದ ಆ ಜನರಲ್ ಕರದು ಬಡ್ತಿ ಕೊಟ್ಟ ಅಂತ ಮುಗಿಸಿದ್ರ ಏನು ಗಂಟು ಹೋಗತಿತ್ತು ಅಂತ ಕೇಳ್ತಾನ. ವಿಮರ್ಶಕರು ನಗಬಹುದು. ನಾ ಅವನ ಕಡೆ.

ಸೂಜಿದಾರ:

ನೀವೆಲ್ಲ ನಿರೂಪಕ ನಿರೂಪಕ ಅಂತ ಅವನ ಹಿಂದೆಯೇ ಬಿದ್ದಿದ್ದೀರಿ, ದರ್ಜಿ ಪೆತ್ರೋವಿಚ್‌ನ ಹೆಸರು ಒಬ್ಬರೂ ಎತ್ತಲಿಲ್ಲ ಮಾರಾಯ್ರೆ! ನಾನು ಹೊಲಿಗೆ ಕೆಲಸದವಳು, ನನಗೆ ಇಡೀ ಕಥೆಯಲ್ಲಿ ನಂಬಿಕೆ ಬರುವ ಮನುಷ್ಯ ಅವನೊಬ್ಬನೇ.

ಹಿಂದಿನ ಮೆಟ್ಟಿಲು ಹತ್ತಿ ಹೋಗಬೇಕಾದ ಕೋಣೆ, ಒಂದು ಕಣ್ಣು, ಆಮೆ ಚಿಪ್ಪಿನ ಹಾಗೆ ದಪ್ಪ ಆದ ಕಾಲಿನ ಹೆಬ್ಬೆರಳ ಉಗುರು, ನಶ್ಯದ ಡಬ್ಬಿಯ ಮೇಲೆ ಯಾವುದೋ ಜನರಲ್‌ನ ಚಿತ್ರ, ಅವನ ಮುಖ ಇದ್ದ ಜಾಗ ತೂತಾಗಿ ಅಲ್ಲಿಗೆ ಚೌಕದ ಕಾಗದ ಅಂಟಿಸಿದ್ದು. (ಮುಂದೆ ಅಕಾಕಿಯನ್ನು ಗದರಿಸಿ ಕೊಲ್ಲುವ ಆ ‘ಗಣ್ಯ ವ್ಯಕ್ತಿ’ಯೂ ಜನರಲ್ ಅಲ್ವಾ, ಅವನಿಗೂ ಹೆಸರಿಲ್ಲ. ಮುಖ ಇಲ್ಲದ ಜನರಲ್ ಮೊದಲೇ ಡಬ್ಬಿಯ ಮೇಲೆ ಬಂದು ಹೋಗಿ ಆಗಿದೆ!) ಹಳೆ ಕೋಟನ್ನು ಬೆಳಕಿಗೆ ಹಿಡಿದು, ತಿರುಗಿಸಿ, ತಲೆ ಆಡಿಸಿ, ಇಲ್ಲ, ತೇಪೆ ಹಾಕ್ಲಿಕ್ಕೆ ಬಟ್ಟೆಯೇ ಉಳಿದಿಲ್ಲ ಅಂತಾನೆ. ಅದು ಸುಳ್ಳಲ್ಲ. ಬಟ್ಟೆ ಜೀರ್ಣ ಆದರೆ ಸೂಜಿ ಹಾಕಿದ ಕಡೆಯೇ ಹರೀತದೆ, ನಾವೂ ಗಿರಾಕಿಗೆ ಹೇಳುವುದು ಇದನ್ನೇ. ಆದರೆ 150 ರೂಬಲ್ ಮೇಲಾಗ್ತದೆ ಅಂತ ಹೇಳಿ ಓರೆಗಣ್ಣಲ್ಲಿ ಮುಖ ನೋಡ್ತಾನಲ್ಲ, ಅದು ಮಾತ್ರ ಪೋಕ್ರಿತನ. 80ಕ್ಕೆ ಮಾಡಿ ಕೊಡ್ತಾನೆ ಅಂತ ಅಕಾಕಿಗೂ ಗೊತ್ತುಂಟು.

80 ಅಂದ್ರೆ ವರ್ಷದ ಸಂಬಳದ ಐದರಲ್ಲಿ ಒಂದು ಪಾಲು. ಅರ್ಧ ಮೊದಲೇ ಪುಡಿಕಾಸು ಕೂಡಿಟ್ಟ ಪೆಟ್ಟಿಗೆಯಲ್ಲಿತ್ತು. ಉಳಿದ ಅರ್ಧಕ್ಕೆ ಸಂಜೆ ಚಹಾ ಬಿಟ್ಟ, ದೀಪ ಹಚ್ಚುವುದು ಬಿಟ್ಟ, ಬೂಟಿನ ಅಟ್ಟೆ ಸವೆಯಬಾರದು ಅಂತ ರಸ್ತೆಯಲ್ಲಿ ತುದಿಗಾಲಲ್ಲಿ ನಡೆದ. ಆಗ ಬರುವ ಸಾಲು ನೋಡಿ, ಮುಂದೆ ಬರಲಿರುವ ಕೋಟು ಅವನಿಗೆ ಬಾಳಿನ ಜೊತೆಗಾತಿಯ ಹಾಗೆ ಆಯ್ತು, ಮದುವೆ ಆದ ಹಾಗೆ, ಒಬ್ಬನೇ ಅಲ್ಲ ಅನ್ನುವ ಹಾಗೆ. @ರಾತ್ರಿಓದು, ಇಲ್ಲಿ ಅವನು ಬಾಗಿಲು ಹಾಕಿಕೊಳ್ಳಲಿಲ್ಲ ಅಲ್ವಾ? ಇಲ್ಲಿ ನಗು ಬಂತಾ ನಿಮಗೆ? ನನಗಂತೂ ಬರಲಿಲ್ಲ.

ಕೊರಳಿಗೆ ಮಾರ್ಟನ್ ಅನ್ನುವ ಕಾಡುಪ್ರಾಣಿಯ ತುಪ್ಪಳ ದುಬಾರಿ ಅಂತ ಬೆಕ್ಕಿನ ತುಪ್ಪಳ ಹಾಕ್ತಾರೆ, ಅಂಗಡಿಯಲ್ಲಿ ಇದ್ದದ್ದರಲ್ಲಿ ಒಳ್ಳೆಯದು, ದೂರದಿಂದ ನೋಡಿದರೆ ಮಾರ್ಟನ್ ಅಂತಲೇ ಅನ್ನಿಸಬೇಕು. ರೇಷ್ಮೆ ದಾರದ ಜೋಡಿ ಹೊಲಿಗೆ, ಒಂದೊಂದು ಹೊಲಿಗೆಯನ್ನೂ ಹಲ್ಲಿನಿಂದ ಒತ್ತಿ ಕೂರಿಸಿದ್ದು. ಎರಡು ವಾರದ ಕೆಲಸಕ್ಕೆ ಮಜೂರಿ 12 ರೂಬಲ್. ಕೋಟು ತೊಡಿಸಿ ಕಳಿಸಿದ ಮೇಲೆ ಅವನು ಮನೆಗೆ ಹೋಗುವುದಿಲ್ಲ, ಹಿಂದಿನಿಂದ ನೋಡ್ತಾ ನಿಲ್ತಾನೆ, ಮತ್ತೆ ಓಣಿಯಲ್ಲಿ ಓಡಿ ಸುತ್ತು ಹಾಕಿ ಎದುರಿನಿಂದ ಬಂದು ಇನ್ನೊಮ್ಮೆ ನೋಡ್ತಾನೆ. ಓದಿದಾಗಲೆಲ್ಲ ನನಗೆ ಅಲ್ಲಿ ಗಂಟಲು ಕಟ್ತದೆ. ಬೇಜಾರು ಎಂತದು ಅಂದ್ರೆ ಅವನು ನೋಡಿದ್ದು ಕೋಟನ್ನು, ಒಳಗಿದ್ದವನನ್ನಲ್ಲ. ಆಫೀಸಿನವರೂ ಆ ದಿನ ಕೋಟನ್ನೇ ಅಭಿನಂದಿಸಿದ್ದು. ಕಳ್ಳರೂ ಅಷ್ಟೇ.

ಸುಮ್ನೆಬಂದೆ:

ಸೂಜಿದಾರ ಅಕ್ಕಾ 🙏 ಡಬ್ಬಿ ಮೇಲಿನ ಜನರಲ್ ನೋಡೇ ಇರ್ಲಿಲ್ಲ ನಾನು.

ಅದಕ್ಕೇ ಅಲ್ವಾ ದೊಸ್ತೊಯೆವ್‌ಸ್ಕಿ ಹೇಳಿದ್ದು, ನಾವೆಲ್ರೂ ಗೊಗೋಲ್‌ನ ಓವರ್‌ಕೋಟಿನಿಂದ್ಲೇ ಹೊರಗೆ ಬಂದೋರು ಅಂತ.

ಮಸಿಕುಡಿಕೆ:

ಆ ಮಾತು ದೊಸ್ತೊಯೆವ್‌ಸ್ಕಿ ಬರವಣಿಗೇಲಿ ಎಲ್ಲೂ ಇಲ್ಲ. ಫ್ರೆಂಚ್ ಲೇಖಕ ದ ವೋಗ್ಯೆ 1886ರಲ್ಲಿ ರಷ್ಯನ್ ಕಾದಂಬರಿ ಬಗ್ಗೆ ಪುಸ್ತಕ ತಂದ, ಹೆಸರು ಹೇಳದೆ ರಷ್ಯನ್ ಲೇಖಕರ ಬಾಯಲ್ಲಿ ಈ ಮಾತು ಹೇಳಿಸ್ತಾನೆ, ಜನ ಆಮೇಲೆ ದೊಸ್ತೊಯೆವ್‌ಸ್ಕಿ ತಲೆಗೆ ಕಟ್ಟಿದ್ರು. ದೊಸ್ತೊಯೆವ್‌ಸ್ಕಿ ಅಸಲಿ ಪ್ರತಿಕ್ರಿಯೆ ಬೇಕಂದ್ರೆ ಮೇಲೆ ರಿಟೈರ್ಡ್‌ಗುಮಾಸ್ತರು ಹೇಳಿದ್ರಲ್ಲ ದೆವುಶ್ಕಿನ್ ಸಿಟ್ಟು, ಅದನ್ನ ಓದಿ.

ಇನ್ನೊಂದು ವಿಷ್ಯ ಸೇರಿಸ್ತೀನಿ. ಅಕಾಕಿ ಅನ್ನೋ ಹೆಸರು ಗ್ರೀಕಿನದು, ಕೇಡಿಲ್ಲದವನು ಅಂತ ಅರ್ಥ. ಸಿನಾಯ್‌ನ ಸಂತ ಅಕಾಕಿ ಅಂತ ಒಬ್ಬನಿದ್ದ. ಕ್ರೂರಿ ಹಿರಿಯ ಸಂನ್ಯಾಸಿ ಕೈಕೆಳಗೆ ಒಂಬತ್ತು ವರ್ಷ ಬೈಗುಳ ಹೊಡೆತ ತಿಂದು ತುಟಿ ಬಿಚ್ಚದೆ ಸತ್ತ. ಆಮೇಲೆ ಇನ್ನೊಬ್ಬರು ಗೋರಿ ಹತ್ರ ನಿಂತು, ಅಕಾಕಿ, ಸತ್ತಿದೀಯಾ ಅಂತ ಕೇಳಿದಾಗ ಒಳಗಿಂದ ಉತ್ತರ ಬಂತಂತೆ, ವಿಧೇಯನಾಗಿದ್ದವನಿಗೆ ಸಾವೆಲ್ಲಿ ಅಂತ. ಗೊಗೋಲ್ ಧರ್ಮಗ್ರಂಥ ಓದಿಕೊಂಡವನು, ಹೋಲಿಕೆ ಎದ್ದು ಕಾಣುತ್ತೆ, ನಮ್ಮ ಅಕಾಕಿಯೂ ಸತ್ತ ಮೇಲೇ ಬಾಯಿ ತೆರೆಯೋದು. ಆದ್ರೆ ಸಂತ ಹೇಳಿದ್ದು ಶಾಂತಿ ಮಾತು. ಇವನು ಸಾಯೋ ಮುಂಚೆ ಬಡಬಡಿಕೆಯಲ್ಲಿ ‘ಮಹಾಸ್ವಾಮಿ’ ಅನ್ನೋ ಮಾತಿನ ಹಿಂದೇನೇ ಎಂಥಾ ಕೆಟ್ಟ ಬೈಗುಳ ಬೈದ ಅಂದ್ರೆ ಮನೆ ಓನರಮ್ಮ ಶಿಲುಬೆ ಹಾಕ್ಕೊಂಡ್ಳು. ಆ ಬೈಗುಳ ಇಷ್ಟು ವರ್ಷ ಎಲ್ಲಿತ್ತು?

ಅರ್ಧಓದುಗ:

ಟ್ರ್ಯಾಜಿಕ್ ಪಾತ್ರ ಅಂತಿದೀರಲ್ಲ ಎಲ್ರೂ, ಅರಿಸ್ಟಾಟಲ್ ಲೆಕ್ಕಕ್ಕೆ ಅಕಾಕಿ ಪಾಸಾಗಲ್ಲ. ಎತ್ತರದಲ್ಲಿದ್ದವ ತನ್ನದೇ ತಪ್ಪಿಂದ ಬೀಳ್ಬೇಕು, ಬಿದ್ದ ಮೇಲೆ ಏನಾಯ್ತು ಅಂತ ಅವ್ನಿಗೆ ಅರಿವಾಗ್ಬೇಕು. ಅಕಾಕಿ ಎತ್ತರದಲ್ಲಿಲ್ಲ, ಕೋಟು ಹೊಲಿಸ್ಕೊಂಡಿದ್ದು ತಪ್ಪಲ್ಲ, ಅರಿವು ಆಯ್ತೋ ಇಲ್ವೋ ನಿರೂಪಕನೇ ಹೇಳಲ್ಲ.

ಈ ಮೂರೂ ಯಾರಿಗೆ ಹೊಂದತ್ತೆ ಗೊತ್ತಾ? ಆ ಗಣ್ಯ ವ್ಯಕ್ತಿಗೆ! ಮನಸ್ಸಲ್ಲಿ ಒಳ್ಳೆಯವ್ನೇ, ಜನರಲ್ ಪದವಿ ಸಿಕ್ಕ ಮೇಲೆ ತಲೆ ತಿರುಗಿದೆ, ಕೆಳಗಿನವರ ಜೊತೆ ಹೆಂಗೆ ಮಾತಾಡ್ಬೇಕು ಅಂತಾನೇ ಗೊತ್ತಾಗ್ದೆ ‘ಯಾರ ಮುಂದೆ ನಿಂತಿದೀಯ ಗೊತ್ತಾ’ ಅಂತ ಕಿರುಚ್ತಾನೆ, ಅದೂ ಅವತ್ತು ಹಳೇ ಗೆಳೆಯ ಬಂದು ಕೂತಿದಾನೆ, ಅವ್ನ ಮುಂದೆ ಧಿಮಾಕು ತೋರ್ಸಕ್ಕೆ. ಅಕಾಕಿನ ಹೊತ್ಕೊಂಡೇ ಆಚೆ ಹಾಕ್ಬೇಕಾಗತ್ತೆ. ಒಂದು ವಾರ ಆದ್ಮೇಲೆ ಇವ್ನಿಗೇ ಮನಸ್ಸು ಚುಚ್ಚಿ, ಏನಾದ್ರೂ ಸಹಾಯ ಮಾಡಕ್ಕಾಗತ್ತಾ ನೋಡು ಅಂತ ಆಳು ಕಳಿಸ್ತಾನೆ, ಸತ್ತುಹೋದ ಅಂತ ಸುದ್ದಿ ಬರತ್ತೆ, ಇಡೀ ದಿನ ಮಂಕಾಗಿ ಕೂರ್ತಾನೆ. ಸತ್ತ ಅಕಾಕಿ ದೆವ್ವ ಆಗಿ ಊರಲ್ಲಿ ಜನರ ಕೋಟು ಕಿತ್ಕೊಳ್ತಿರ್ತಾನಲ್ಲ, ಆ ದೆವ್ವ ಬಂದು ಕೊರಳಪಟ್ಟಿ ಹಿಡ್ದಾಗ ಅವ್ನಿಗೆ ಗುರುತು ಸಿಗತ್ತೆ, ತಾನೇ ಕೋಟು ಬಿಚ್ಚಿ ಎಸೀತಾನೆ, ಆಮೇಲೆ ಆಫೀಸಲ್ಲಿ ಕಿರುಚೋದು ಕಮ್ಮಿ ಮಾಡ್ತಾನೆ. ಬೀಳೋದು, ಅರಿವು, ಬದಲಾವಣೆ ಎಲ್ಲಾ ಇವ್ನಿಗೇ ಸಿಕ್ತು. ಬಡವನಿಗೆ ದುರಂತ ನಾಯಕ ಆಗೋ ಭಾಗ್ಯವೂ ಇಲ್ಲ, ಅದನ್ನೂ ಮೇಲಿನವ್ನೇ ಹೊಡ್ಕೊಂಡ.

ರಿಟೈರ್ಡ್‌ಗುಮಾಸ್ತ:

ಅಯ್ಯ ಅರ್ಧಓದುಗಾ, ಅರಿವು ಅಂದ್ರ ಏನಪಾ? ಆ ಸಂಜೀನ ಪಾರ್ಟಿಗೆ ಹೋಗಿ ಎರಡು ಗ್ಲಾಸ್ ಷಾಂಪೇನ್ ಕುಡದು, ಹೆಂಡ್ತಿ ಇದ್ರೂ ಕರೊಲೀನಾ ಇವಾನೊವ್ನಾ ಮನಿ ಕಡೆ ಗಾಡಿ ಹೊಡಿ ಅಂದ್ನಲ್ಲ. ದೆವ್ವ ಬಂದದ್ದು ಆ ಹಾದ್ಯಾಗ. ಅದು ಪಶ್ಚಾತ್ತಾಪ ಅಲ್ಲ, ಅಂಜಿಕಿ. ಅಂಜಿಕಿಯಿಂದ ಸುಧಾರಿಸಿದ ಸಾಹೇಬರನ್ನ ನಾ ಭಾಳ ನೋಡೇನಿ, ಒಂದ್ ತಿಂಗಳ ವ್ಯಾಲಿಡಿಟಿ.

ರಾತ್ರಿಓದು:

😂 ಒಂದ್ ತಿಂಗಳ ವ್ಯಾಲಿಡಿಟಿ!

@ಸೂಜಿದಾರ ನಿಮ್ಮ ಮಾತಿಗೆ ಬರ್ತೀನಿ, ರಾತ್ರಿ ಆ ಮದುವೆ ಸಾಲು ಮತ್ತೆ ಓದ್ದೆ. ನಿಜ, ಅಲ್ಲಿ ನಗು ಬರ್ಲಿಲ್ಲ, ನನ್ನ ಬಾಗ್ಲು ಥಿಯರಿಗೆ ಅದು ದೊಡ್ಡ ತೂತು, ಒಪ್ಕೊಂಡೆ. ಬಹುಶಃ ಅವ್ನಿಗೂ ಬಾಗ್ಲು ಪೂರ್ತಿ ಹಾಕಕ್ಕೆ ಆಗ್ತಿಲ್ಲ. ಹಾಗೆ ನೋಡಿದ್ರೆ ಅಕಾಕಿ ಸತ್ತಾಗ, ಒಂದು ಸಾಮಾನ್ಯ ನೊಣ ಸಿಕ್ಕಿದ್ರೂ ಬಿಡದೆ ಸೂಜಿ ಚುಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡೋ ವಿಜ್ಞಾನಿ ಗಮನಕ್ಕೂ ಬೀಳದ ಜೀವ ಹೋಯ್ತು ಅಂತ ದನಿ ಒಂದ್ಸಲ ಏರತ್ತೆ. ಆದ್ರೆ ಅದಕ್ಕೂ ಸ್ವಲ್ಪ ಮುಂಚೆ ಆಸ್ತಿ ಲೆಕ್ಕ ಕೊಟ್ಟಿರ್ತಾನೆ, ಒಂದು ಕಂತೆ ಗರಿ ಲೇಖನಿ, ಒಂದು ದಸ್ತು ಸರ್ಕಾರಿ ಬಿಳಿ ಕಾಗದ, ಮೂರು ಜೊತೆ ಕಾಲುಚೀಲ, ಪ್ಯಾಂಟಿಂದ ಕಿತ್ತ ಎರಡು ಮೂರು ಗುಂಡಿ, ಆ ಹಳೇ ಕೋಟು. ಇದೆಲ್ಲಾ ಯಾರಿಗೆ ಹೋಯ್ತೋ ದೇವ್ರಿಗೇ ಗೊತ್ತು, ಕಥೆ ಹೇಳೋ ನನಗೂ ಅದ್ರಲ್ಲಿ ಆಸಕ್ತಿ ಇರ್ಲಿಲ್ಲ ಅಂತಾನೆ. ಆಸಕ್ತಿ ಇಲ್ದೋನು ಗುಂಡಿ ಯಾಕಪ್ಪಾ ಎಣಿಸ್ದೆ?

ಮಸಿಕುಡಿಕೆ:

ಗುಂಡಿ ಪ್ರಶ್ನೆಗೆ ನನ್ನ ಹತ್ರ ಉತ್ತರ ಇಲ್ಲ, ಅದೇ ಈ ಕಥೆಯ ಅತ್ಯುತ್ತಮ ಪ್ರಶ್ನೆ ಅನ್ಸುತ್ತೆ.

ಅರ್ಧಓದುಗ:

ದೆವ್ವದ ಬಗ್ಗೆ ಯಾರೂ ಮಾತಾಡ್ತಿಲ್ಲ. ಕೊನೇ ಪ್ಯಾರಾ ಸರಿಯಾಗಿ ಓದಿದೀರಾ? ಜನರಲ್ ಕೋಟು ಸಿಕ್ಕ ಮೇಲೆ ಅಕಾಕಿ ದೆವ್ವ ಕಾಣಿಸ್ಕೊಳಲ್ಲ, ಕೋಟು ಸರಿಯಾಗಿ ಕೂತಿತ್ತು ಅನ್ಸತ್ತೆ ಅಂತಾನೆ ನಿರೂಪಕ. ಆದ್ರೂ ಪೀಟರ್ಸ್‌ಬರ್ಗಿನ ಕೊಲೊಮ್ನಾ ಬಡಾವಣೆಯ ಒಬ್ಬ ಬಡಕಲು ಕಾವಲುಗಾರ ಇನ್ನೊಂದು ದೆವ್ವ ನೋಡ್ತಾನೆ, ಕತ್ತಲಲ್ಲಿ ಹಿಂದೆ ಹಿಂದೆ ಹೋಗ್ತಾನೆ, ಅದು ತಿರುಗಿ ‘ಏನ್ ಬೇಕು ನಿಂಗೆ’ ಅಂತ ಮುಷ್ಟಿ ತೋರ್ಸತ್ತೆ, ಬದುಕಿರೋರಲ್ಲಿ ಕಾಣದಂಥ ಮುಷ್ಟಿ. ಇವ್ನು ಏನಿಲ್ಲ ಅಂತ ವಾಪಸ್ಸು. ಆದ್ರೆ ಆ ದೆವ್ವ ತುಂಬಾ ಎತ್ತರ, ದೊಡ್ಡ ಮೀಸೆ!

ಈಗ ಕಳವಿನ ಸೀನಿಗೆ ಹೋಗಿ. ಚೌಕದಲ್ಲಿ ಅಕಾಕಿಗೆ ಅಡ್ಡ ಬಂದೋರಿಗೆ ಮೀಸೆ. ‘ಈ ಕೋಟು ನಂದು’ ಅಂತ ಗುಡುಗಿ ಕೊರಳಪಟ್ಟಿ ಹಿಡಿದ್ಮೇಲೆ ಇನ್ನೊಬ್ಬ ಬಾಯಿ ಹತ್ರ ತಂದಿದ್ದು ಗುಮಾಸ್ತನ ತಲೆಯಷ್ಟು ದೊಡ್ಡ ಮುಷ್ಟಿ. ಅದೇ ಮೀಸೆ, ಅದೇ ಮುಷ್ಟಿ. ಅಂದ್ರೆ ಕೊನೇಲಿ ನಾವು ದೆವ್ವ ಅಂದ್ಕೊಂಡು ನೋಡಿದ್ದು ಅವ್ನ ಕೋಟು ಕದ್ದ ಕಳ್ಳನ್ನೇ. ಹಂಗಾದ್ರೆ ಮೊದಲಿನ ದೆವ್ವ ಯಾರು? ಕಾವಲುಗಾರರು ಒಂದ್ಸಲ ಹಿಡ್ದೇಬಿಟ್ಟಿದ್ರಲ್ಲ, ನಶ್ಯ ಏರಿಸೋಣ ಅಂತ ಡಬ್ಬಿ ತೆಗೆದ್ರೆ ಸತ್ತವ್ನೇ ಸೀನಿ ಮೂವರ ಕಣ್ಣಿಗೂ ಸಿಡಿಸಿ ಮಾಯ ಆದ. ದೆವ್ವ ಸೀನತ್ತಾ?

ಸುಮ್ನೆಬಂದೆ:

ಅಯ್ಯೋ ದೆವ್ವಾನೂ ಡೂಪ್ಲಿಕೇಟಾ?? ಸೇಡು ತೀರಿಸ್ಕೊಂಡ ಅಂತ ಸಮಾಧಾನ ಆಗಿತ್ತು, ಅದನ್ನೂ ಕಿತ್ಕೊಂಡ್ರಿ.

ಸೂಜಿದಾರ:

ಸೀನ್ತದೆ ಅಂತಲೇ ಇರಲಿ ಬಿಡಿ. ಬದುಕಿದ್ದಾಗ ಅವನಿಗೆ ಒಂದು ಸೀನು ಜೋರಾಗಿ ಸೀನ್ಲಿಕ್ಕೂ ಧೈರ್ಯ ಇರಲಿಲ್ಲ.

ರಾತ್ರಿಓದು:

ಅರ್ಧಓದುಗರ ಮೀಸೆ ಪಾಯಿಂಟ್ ಓದಿ ಪುಸ್ತಕ ತೆಗೆದು ಎರಡೂ ಪುಟ ಅಕ್ಕಪಕ್ಕ ಇಟ್ಟು ನೋಡ್ದೆ, ಅಲ್ಲೇ ಇನ್ನೊಂದು ಸಿಕ್ತು. ಅಕಾಕಿ ಪಾರ್ಟಿಗೆ ಹೋದ ಮನೆ ಎಲ್ಲಿ? ನಿರೂಪಕಂಗೆ ನೆನಪಿಲ್ಲ, ನೆನಪು ಕೈ ಕೊಡ್ತಿದೆ, ಪೀಟರ್ಸ್‌ಬರ್ಗ್ ಬೀದಿ ಮನೆ ಎಲ್ಲಾ ತಲೇಲಿ ಕಲಸಿಹೋಗಿವೆ ಅಂತಾನೆ. ಕೋಟು ಕಿತ್ಕೊಂಡ ಚೌಕಕ್ಕೆ ಹೆಸ್ರಿಲ್ಲ. ಅಕಾಕಿ ಬಾಡಿಗೆ ಕೋಣೆ ಯಾವ ಬೀದೀಲಿ ಅಂತಾನೂ ಹೇಳಿಲ್ಲ. ಅವ್ನು ಸತ್ತಿದ್ದೇ ತಡ, ದೆವ್ವ ಓಡಾಡಿದ್ದು ಕಲಿಂಕಿನ್ ಸೇತುವೆ ಹತ್ರ, ಹಿಡ್ದಿದ್ದು ಕಿರ್ಯುಶ್ಕಿನ್ ಓಣೀಲಿ, ಆ ಮೀಸೆಯವ್ನು ನಡ್ಕೊಂಡು ಹೋಗಿದ್ದು ಒಬುಖೊವ್ ಸೇತುವೆ ಕಡೆ. ಎಲ್ಲಾ ವಿಳಾಸ ಬಾಯಿಪಾಠ ಬಂದ್ಬಿಟ್ಟಿದೆ ಇವ್ನಿಗೆ!